ಯಮುನಕ್ಕ ಮತ್ತು ಫಣಿಯಮ್ಮ

ಸಮಾಜಶಾಸ್ತ್ರ ಓದುವ ಹುಡುಗಿಯರಿಗೆ ಈಗ ಸಿನಿಮಾವೂ ಪಾಠ. ಸಂಸ್ಕೃತಿ, ಧರ್ಮ, ಹೆಣ್ಣು-ಗಂಡಿನ ಅಸಮಾನತೆ ಎಂಬ ವಿಷಯ ಬಂದರೆ ನಮಗೆ ಮೊದಲು ನೆನಪಾಗುವುದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977). ಒಳ್ಳೆಯ ಆಯ್ಕೆಯೇ. ಆದರೆ ಅದೊಂದನ್ನೇ ತೋರಿಸಿ, ಧರ್ಮ ಹೆಣ್ಣನ್ನು ತುಳಿಯಿತು ಎಂದು ಒಂದು ಸಾಲು ಬರೆಸಿ ಪಾಠ ಮುಗಿಸಿದರೆ ಸಾಲದು ಎಂಬುದು ನನ್ನ ತಕರಾರು.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ ಚಿತ್ರವಿದು. ಯಮುನಕ್ಕ ವೇದಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು. ಶಾಲೆಯ ಮೇಷ್ಟ್ರೊಬ್ಬನಿಂದ ಬಸುರಾಗುತ್ತಾಳೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾರೆ. ಅವಳ ತಲೆ ಬೋಳಿಸಲಾಗುತ್ತದೆ. ಮೇಷ್ಟ್ರಿಗೆ ಯಾವ ಶಿಕ್ಷೆಯೂ ಇಲ್ಲ. ಅದೇ ತಂದೆ ಇಳಿವಯಸ್ಸಿನಲ್ಲಿ ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾರೆ. ಅದಕ್ಕೆ ಶಾಸ್ತ್ರ ಅಡ್ಡ ಬರುವುದಿಲ್ಲ. ಈ ಅನ್ಯಾಯವನ್ನು ದನಿ ಏರಿಸದೆ ಹೇಳಿದ್ದು ಚಿತ್ರದ ದೊಡ್ಡತನ. ಆದರೆ ಎಲ್ಲವನ್ನೂ ನಾವು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ. ಯಮುನಕ್ಕನ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನಿಗೆ ತಿಳಿದಷ್ಟೇ ನಮಗೂ ತಿಳಿಯುವುದು.

ಅದಕ್ಕೇ ಇದರ ಜೊತೆಯಲ್ಲಿ ಪ್ರೇಮಾ ಕಾರಂತರ 'ಫಣಿಯಮ್ಮ'ವನ್ನೂ (1983) ತೋರಿಸಬೇಕು. ತಮ್ಮ ಮನೆತನದ ಹಿರಿಯಜ್ಜಿಯೊಬ್ಬರ ನಿಜವಾದ ಬದುಕನ್ನು ಎಂ. ಕೆ. ಇಂದಿರಾ ಕಾದಂಬರಿ ಮಾಡಿದರು. ಅದನ್ನು ಇನ್ನೊಬ್ಬ ಹೆಣ್ಣುಮಗಳು ತೆರೆಗೆ ತಂದರು. ಫಣಿಯಮ್ಮ ಬಾಲವಿಧವೆ. ಅವರು ಬಂಡೆದ್ದು ಮನೆ ಬಿಟ್ಟವರಲ್ಲ, ಭಾಷಣ ಮಾಡಿದವರೂ ಅಲ್ಲ. ಆದರೆ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಬೋಳಿಸಿಕೊಳ್ಳಲು ಒಲ್ಲೆ ಎಂದಾಗ ಅವಳ ಪರ ನಿಂತರು. ನಾನು ಉಂಡ ಕಹಿ ಇನ್ನೊಬ್ಬಳಿಗೆ ಬೇಡ ಎಂಬ ವಿವೇಕ ಆ ಮಡಿಸೀರೆಯ ಒಳಗಿಂದಲೇ ಬಂತು. ಕಟ್ಟಳೆಯೊಳಗೇ ಬದುಕಿದ ಹೆಣ್ಣಿಗೂ ಸ್ವಂತ ಬುದ್ಧಿಯಿತ್ತು ಎಂಬುದನ್ನು 'ಪಾಪ, ವಿಧವೆ' ಎಂಬ ಒಂದು ಸಾಲಿನ ಪಾಠ ಮರೆಸಿಬಿಡುತ್ತದೆ.

ಈಗ ಯಾರು ತಲೆ ಬೋಳಿಸುತ್ತಾರೆ ಎಂದು ನೀವು ಕೇಳಬಹುದು. ನಿಜ. ಆದರೆ ಅರಿಶಿನ-ಕುಂಕುಮಕ್ಕೆ ಕರೆಯಲು ಹೊರಟವರು ಬೀದಿಯಲ್ಲಿ ಒಂದು ಬಾಗಿಲನ್ನು ಬಿಟ್ಟು ಮುಂದಿನ ಮನೆಗೆ ಹೋಗುವುದು ಇಂದಿಗೂ ಉಂಟು. ಹಾಗೆ ಬಿಟ್ಟು ಹೋಗುವವರು ಉಡುಪರಲ್ಲ, ಹೆಂಗಸರೇ. ಯಮುನಕ್ಕನಿಗಾಗಿ ಕಣ್ಣೊರೆಸಿಕೊಂಡು ಏಳಬಹುದು. ಫಣಿಯಮ್ಮನನ್ನು ನೋಡಿದ ಮೇಲೆ ಮಾತ್ರ ಆ ಬಿಟ್ಟುಹೋದ ಬಾಗಿಲನ್ನು ಹೋಗಿ ತಟ್ಟಬೇಕಾಗುತ್ತದೆ.