ಯೌವನದ ಹಾಡುಗಳು ಮತ್ತು ಒಡೆತನದ ಪ್ರಶ್ನೆ: ಮೂರು ಜನಪ್ರಿಯ ಗೀತೆಗಳ ಜಾನಪದೀಯ ಓದು

ತನ್ನ ಹದಿಹರೆಯದಲ್ಲಿ ಕೇಳಿದ ಹಾಡುಗಳೇ ಶ್ರೇಷ್ಠವೆಂಬ ನಂಬಿಕೆ ಪ್ರತಿಯೊಂದು ತಲೆಮಾರಿನಲ್ಲಿಯೂ ಕಂಡುಬರುತ್ತದೆ. ಗ್ರಾಮಾಫೋನ್, ರೇಡಿಯೊ, ಕ್ಯಾಸೆಟ್ಟುಗಳ ಮೂಲಕ ಪಾಪ್, ರಾಕ್ ಮತ್ತು ನೃತ್ಯಗೀತೆಗಳನ್ನು ಕೇಳಿ ಬೆಳೆದವರು ನಡುವಯಸ್ಸಿನಲ್ಲಿ ಅವುಗಳನ್ನು ನೆನೆಯುವಾಗ ಹಾಡಿನ ಜೊತೆಗೆ ತಮ್ಮ ಕಳೆದ ಕಾಲವನ್ನೂ ಮರಳಿ ಪಡೆಯುತ್ತಾರೆ. ಜಾನಪದ ಅಧ್ಯಯನಕ್ಕೆ ಈ ನೆನಪು ಕ್ಷುಲ್ಲಕವಾದುದಲ್ಲ. ಆದರೆ ಅದಕ್ಕೊಂದು ಮಿತಿಯಿದೆ. ತಾನು ಮೊದಲು ಕೇಳಿದ ಧ್ವನಿಮುದ್ರಣವನ್ನೇ ಅದು ಹಾಡಿನ ಹುಟ್ಟೆಂದು ಭಾವಿಸುತ್ತದೆ. ಇದರಿಂದ ಹಾಡಿನ ಹಿಂದಿನ ಹಾಡುಗಾರರು ಮರೆಯಾಗುತ್ತಾರೆ. ಇಪ್ಪತ್ತನೆಯ ಶತಮಾನದ ಮೂರು ಪ್ರಸಿದ್ಧ ಗೀತೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಮೊದಲನೆಯದು 'ದಿ ಹೌಸ್ ಆಫ್ ದಿ ರೈಸಿಂಗ್ ಸನ್'. 1964ರಲ್ಲಿ ಇಂಗ್ಲೆಂಡಿನ 'ದಿ ಅನಿಮಲ್ಸ್' ತಂಡ ಮುದ್ರಿಸಿದ ಈ ಹಾಡು ರಾಕ್ ಸಂಗೀತದ ಆರಂಭಕಾಲದ ಹೆಗ್ಗುರುತುಗಳಲ್ಲಿ ಒಂದು. ಹಿಲ್ಟನ್ ವ್ಯಾಲಂಟೈನ್ ಗಿಟಾರಿನಲ್ಲಿ ಒಂದೊಂದೇ ಸ್ವರವಾಗಿ ಬಿಡಿಸುವ ಆರಂಭ, ಅಲನ್ ಪ್ರೈಸ್ ಅವರ ಆರ್ಗನ್, ಎರಿಕ್ ಬರ್ಡನ್ ಅವರ ಒರಟು ಕಂಠ ಇವು ಸೇರಿ ಒಂದು ಪಶ್ಚಾತ್ತಾಪದ ಕಥನವನ್ನು ಕಟ್ಟುತ್ತವೆ. ಆದರೆ ಇದು ಅವರು ರಚಿಸಿದ ಹಾಡಲ್ಲ. 1937ರಲ್ಲಿ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೆಂಟಕಿಯ ಮಿಡಲ್ಸ್‌ಬರೊದಲ್ಲಿ ಗಣಿಗಾರನ ಮಗಳಾದ ಹದಿನಾರರ ಜಾರ್ಜಿಯಾ ಟರ್ನರ್ ಹಾಡಿದ ಪಾಠವನ್ನು ಧ್ವನಿಮುದ್ರಿಸಿಕೊಂಡಿದ್ದರು. ಅಲ್ಲಿ ಮಾತನಾಡುವವಳು ಬಾಳು ಹಾಳಾದ ಹೆಣ್ಣುಮಗಳು. ಆಕೆಯ ಎಚ್ಚರಿಕೆ ತಂಗಿಯನ್ನು ಉದ್ದೇಶಿಸಿದ್ದು. ಅನಿಮಲ್ಸ್ ಪಾಠದಲ್ಲಿ ನಿರೂಪಕ ಗಂಡಸು. ಇದನ್ನು ವಿಕೃತಿಯೆಂದು ತಳ್ಳಿಹಾಕಲಾಗದು. 1933ರಲ್ಲಿ ಕ್ಲಾರೆನ್ಸ್ ಆ್ಯಶ್ಲಿ ಮುದ್ರಿಸಿದ ಪಾಠದಲ್ಲಿಯೂ ಗಂಡಿನ ದನಿಯೇ ಇದೆ. ಪಾಠಾಂತರ ಮೌಖಿಕ ಪರಂಪರೆಯ ಸಹಜ ಧರ್ಮ. ತೊಡಕಿರುವುದು ಬೇರೆಡೆಗೆ: ತಟ್ಟೆಯ ಮೇಲೆ 'ಸಾಂಪ್ರದಾಯಿಕ' ಎಂಬ ಪದದೊಂದಿಗೆ ಸಂಯೋಜಕರಾಗಿ ಅಲನ್ ಪ್ರೈಸ್ ಅವರ ಹೆಸರೊಂದೇ ಅಚ್ಚಾಯಿತು. ಗೌರವಧನದ ಹಕ್ಕು ಆ ಹೆಸರನ್ನು ಹಿಂಬಾಲಿಸಿತು. ಹೀಗೆ ತಂಡದ ಉಳಿದ ನಾಲ್ವರೂ ಹೊರಗುಳಿದರು. ಕೆಂಟಕಿಯ ಹುಡುಗಿಯಂತೂ ಆ ತಟ್ಟೆಯ ಲೆಕ್ಕಕ್ಕೇ ಬರಲಿಲ್ಲ.

ಎರಡನೆಯ ಉದಾಹರಣೆ ಇದಕ್ಕೆ ವ್ಯತಿರಿಕ್ತವಾದುದು. ಇಲ್ಲಿ ಕರ್ತೃವಿದ್ದ ಹಾಡೇ ಜನಪದವೆನಿಸಿಕೊಂಡಿತು. ದಕ್ಷಿಣ ಆಫ್ರಿಕದ ಜುಲು ಗಾಯಕ ಸಾಲೊಮನ್ ಲಿಂಡಾ ತನ್ನ 'ಈವ್ನಿಂಗ್ ಬರ್ಡ್ಸ್' ಮೇಳದೊಡನೆ 1939ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ 'ಮ್ಬುಬೆ', ಅಂದರೆ 'ಸಿಂಹ', ಎಂಬ ಹಾಡನ್ನು ಮುದ್ರಿಸಿದ. ಹಿಮ್ಮೇಳದ ತಗ್ಗುಸ್ವರದ ಆವರ್ತನೆಯ ಮೇಲೆ ಮುಮ್ಮೇಳದ ಏರುಕಂಠ ತೇಲುವ ಈ ಬಗೆಯ ಗಾಯನಕ್ಕೆ ಮುಂದೆ ಹಾಡಿನ ಹೆಸರೇ ನಿಂತಿತು. ಲಿಂಡಾನಿಗೆ ಹಕ್ಕಿನ ಬಾಬ್ತು ದೊರೆತದ್ದು ಹತ್ತು ಷಿಲಿಂಗ್ ಮಾತ್ರ. ಆ ತಟ್ಟೆ ಲೋಮ್ಯಾಕ್ಸ್ ಅವರ ಮೂಲಕವೇ ಅಮೆರಿಕದ ಪೀಟ್ ಸೀಗರ್ ಅವರ ಕೈಸೇರಿತು. ಜುಲು ನುಡಿಯ 'ಉಯಿಂಬುಬೆ' ಅವರ ಕಿವಿಯಲ್ಲಿ 'ವಿಮೊವೆ' ಆಯಿತು. ಕಂಠಸ್ಥ ಪರಂಪರೆಯಲ್ಲಿ ಪದಗಳು ಹೀಗೆ ತಪ್ಪಿ ಕೇಳಿ ಹೊಸದಾಗುವುದು ಹೊಸತೇನಲ್ಲ. ಆದರೆ ಸೀಗರ್ ಅವರ 'ವೀವರ್ಸ್' ತಂಡ ಅದನ್ನು ಹಾಡಿದಾಗ ಕರ್ತೃವಿನ ಜಾಗದಲ್ಲಿ ಪಾಲ್ ಕ್ಯಾಂಪ್‌ಬೆಲ್ ಎಂಬ ಕಲ್ಪಿತ ಹೆಸರು ಬಂದಿತು. 1961ರಲ್ಲಿ 'ಟೋಕನ್ಸ್' ತಂಡ ಹಾಡಿದ 'ದಿ ಲಯನ್ ಸ್ಲೀಪ್ಸ್ ಟುನೈಟ್' ಲೋಕಪ್ರಸಿದ್ಧವಾಯಿತು. ಅದರ ಮಧುರವಾದ ಮುಖ್ಯ ಧಾಟಿ ಲಿಂಡಾ ಮುದ್ರಣದ ಕೊನೆಯಲ್ಲಿ ಆಶುವಾಗಿ ಎತ್ತಿದ ಸ್ವರಗುಚ್ಛದಿಂದಲೇ ಬಂದುದು. ಮೂಲದ ಮೇಳಗಾಯನದ ಹುರುಪು ಇಲ್ಲಿ ಜೋಗುಳದ ಲಾಲಿತ್ಯವಾಗಿದೆ. ಅದು ಸೊಗಸಾಗಿದೆ, ನಿಜ. ಆದರೆ ಲಿಂಡಾ 1962ರಲ್ಲಿ ಬಡತನದಲ್ಲಿಯೇ ತೀರಿಕೊಂಡ. 'ದಿ ಲಯನ್ ಕಿಂಗ್' (1994) ಚಿತ್ರದಲ್ಲಿ ಹಾಡು ಬಳಕೆಯಾದ ನಂತರ ಆತನ ವಾರಸುದಾರರು 2004ರಲ್ಲಿ ನ್ಯಾಯಾಲಯದ ಮೊರೆಹೊಕ್ಕರು, 2006ರಲ್ಲಿ ರಾಜಿಯಾಯಿತು.

ಮೂರನೆಯದು 1989ರ 'ಲಂಬಾಡ'. ಫ್ರಾನ್ಸಿನಲ್ಲಿ ರೂಪುಗೊಂಡ 'ಕಾವೋಮಾ' ತಂಡದ ಈ ನೃತ್ಯಗೀತೆಯ ಧಾಟಿ ಬೊಲಿವಿಯಾದ 'ಲೋಸ್ ಕಾರ್ಕಸ್' ತಂಡ 1981ರಲ್ಲಿ ಹಾಡಿದ ವಿರಹಗೀತೆಯದು. ಎರ್ಮೋಸಾ ಸಹೋದರರು ತಮ್ಮ ಕರ್ತೃತ್ವವನ್ನು ಕಾನೂನಿನ ಮೂಲಕ ಸ್ಥಾಪಿಸಿಕೊಳ್ಳಬೇಕಾಯಿತು. ಭಾರತದಲ್ಲಿಯೂ 1990ರ ಹಿಂದಿ ಚಿತ್ರ 'ಘಾಯಲ್'ನಲ್ಲಿ ಬಪ್ಪಿ ಲಾಹಿರಿ ಅವರ ಸಂಗೀತದಲ್ಲಿ ಇದೇ ಧಾಟಿ ಕೇಳಿಬಂದಿತು. ಅದಕ್ಕೆ ಹೆಜ್ಜೆಹಾಕಿದ ಇಲ್ಲಿನ ಯುವಜನರಿಗೆ ಆಂಡಿಸ್ ಪರ್ವತಸೀಮೆಯ ಆ ಅಳಲು ತಲುಪಿರಲಾರದು.

ಈ ಮೂರೂ ಪ್ರಸಂಗಗಳಲ್ಲಿ 'ಜನಪದ' ಎಂಬ ಪರಿಕಲ್ಪನೆ ಎರಡು ಅಲಗಿನ ಕತ್ತಿಯಾಗಿ ಕೆಲಸ ಮಾಡಿದೆ. ಸಾಮೂಹಿಕ ಸೃಷ್ಟಿಯನ್ನು ಒಬ್ಬನ ಸೊತ್ತಾಗಿಸಲು ಒಮ್ಮೆ, ಒಬ್ಬನ ಸೃಷ್ಟಿಯನ್ನು ಒಡೆಯರಿಲ್ಲದ ಸೊತ್ತೆಂದು ಬಗೆಯಲು ಇನ್ನೊಮ್ಮೆ. ಆದ್ದರಿಂದ 'ಅಜ್ಞಾತಕರ್ತೃಕತೆ'ಯನ್ನು ಜಾನಪದದ ಲಕ್ಷಣವೆಂದು ಪಠ್ಯಪುಸ್ತಕಗಳು ಹೇಳುವಾಗ, ಆ ಅಜ್ಞಾತತೆ ಪರಂಪರೆಯಿಂದ ಬಂದದ್ದೋ ಅಥವಾ ವಿಚಾರಿಸದವರ ಔದಾಸೀನ್ಯದಿಂದ ಬಂದದ್ದೋ ಎಂದು ಕೇಳುವುದು ಅಗತ್ಯ.

ಈ ದೃಷ್ಟಿಯಿಂದ ಕನ್ನಡದ ತತ್ವಪದಗಳ ಅಂಕಿತ ಸಂಪ್ರದಾಯ ಗಮನಾರ್ಹವಾದುದು. ಶಿಶುನಾಳ ಶರೀಫರ (1819-1889) ಪದಗಳು ಸಿ. ಅಶ್ವತ್ಥ್ ಅವರ ಸುಗಮಸಂಗೀತದಲ್ಲಿ ಮನೆಮನೆಗೆ ತಲುಪಿದವು. 2008ರಲ್ಲಿ ರಘು ದೀಕ್ಷಿತ್ ಅವರ ಗಿಟಾರಿನೊಡನೆ ಹೊಸ ತಲೆಮಾರಿನ ಯೌವನದ ಹಾಡುಗಳೂ ಆದವು. ಧಾಟಿ ಬದಲಾಯಿತು, ವಾದ್ಯ ಬದಲಾಯಿತು. ಆದರೂ ಶಿಶುನಾಳದ ಹೆಸರು ಅಳಿಯಲಿಲ್ಲ, ಏಕೆಂದರೆ ಅದು ತಟ್ಟೆಯ ಮೇಲಣ ಚೀಟಿಯಲ್ಲಿಲ್ಲ, ಪದದ ಒಳಗೇ ಇದೆ. ಅಂಕಿತವಿಲ್ಲದ ಬೀಸುವ ಪದ, ಸೋಬಾನೆ ಪದಗಳಿಗೆ ಈ ರಕ್ಷಣೆಯಿಲ್ಲ. ಅವುಗಳನ್ನು ಹಾಡಿಕೊಟ್ಟವರ ಹೆಸರು, ಊರು, ಹಾಡಿದ ದಿನಗಳನ್ನು ದಾಖಲಿಸುವುದು ಸಂಗ್ರಾಹಕರ ಹೊಣೆ.

ಒಟ್ಟಿನಲ್ಲಿ, ಯೌವನದ ಹಾಡನ್ನು ಮೆಚ್ಚಿ ನೆನೆಯುವುದಕ್ಕೂ ಅದರ ಹಿಂದಿನವರನ್ನು ವಿಚಾರಿಸುವುದಕ್ಕೂ ವಿರೋಧವಿಲ್ಲ. ಅನಿಮಲ್ಸ್ ಹಾಡಿದ ಪಾಠವನ್ನು ಬಲ್ಲವರು ಜಾರ್ಜಿಯಾ ಟರ್ನರ್ ಹಾಡಿದ್ದನ್ನೂ ಕೇಳಿದರೆ ಮೊದಲನೆಯದರ ಸೊಗಸು ಕುಂದುವುದಿಲ್ಲ; ಅದೇ ಮನೆಯ ಕಥೆಯನ್ನು ಹೆಣ್ಣುಮಗಳೊಬ್ಬಳ ಬಾಯಿಂದ ಮೊದಲ ಬಾರಿಗೆ ಕೇಳಿದಂತಾಗುತ್ತದೆ.