ಉತ್ತರಕುಮಾರನ ಕೈಗೆ ಕಂಟ್ರೋಲರ್

ಮೊದಲ ಸಲ ಪಬ್‌ಜಿ ಆಡಿದಾಗ ನಾನು ಸತ್ತದ್ದು ಗುಂಡು ತಾಗಿ ಅಲ್ಲ. ಎಲ್ಲಿ ಹಾರಬೇಕು ಅಂತ ಯೋಚನೆ ಮಾಡ್ತಾ ವಿಮಾನದಲ್ಲೇ ಕೂತಿದ್ದೆ. ಕೊನೆಗೆ ವಿಮಾನವೇ ಬೇಜಾರಾಗಿ ನನ್ನನ್ನು ಹೊರಗೆ ದೂಡಿತು. ಕೆಳಗೆ ನೋಡಿದರೆ ಬರೀ ನೀರು. ಈಜಿ ದಡ ಸೇರಿ, ಬಂದೂಕು ಹುಡುಕಿಕೊಂಡು ಖಾಲಿ ಮನೆಗಳನ್ನು ಸುತ್ತುವಷ್ಟರಲ್ಲಿ ಬ್ಲೂ ಝೋನ್ ಹಿಂದಿನಿಂದ ಬಂದು ಕಥೆ ಮುಗಿಸಿತು. ಇಯರ್‌ಫೋನಿನಲ್ಲಿ ಜೆಡ್ಡಾದಿಂದ ಒಂದು ದನಿ: “ಹೊನ್ನಾವರದಲ್ಲಿ ಮನೆ ಹಿಂದೇ ಸಮುದ್ರ ಇಟ್ಕೊಂಡು, ಇಲ್ಲಿಗೆ ಬಂದೂ ಸಮುದ್ರಕ್ಕೇ ಬಿದ್ಯಲ್ಲ ಮಾರಾಯಾ!”

ಅದು 2020ರ ಏಪ್ರಿಲ್. ಲಾಕ್‌ಡೌನ್. ನಾವು ಮೂವರು. ಒಬ್ಬ ಭಟ್ಕಳದವ, ಜೆಡ್ಡಾದಲ್ಲಿ ಕೆಲಸ. ಇನ್ನೊಬ್ಬ ಕುಮಟೆಯವ, ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡು ಊರಿಗೆ ಬಂದವ. ನಡುವೆ ನಾನು, ಹೊನ್ನಾವರ. ಪಿಯುಸಿಯಲ್ಲಿ ಅವರಿಬ್ಬರೂ ಎರಡು ದಿಕ್ಕಿನಿಂದ ಬಸ್ಸು ಹತ್ತಿ ಹೊನ್ನಾವರಕ್ಕೆ ಬರ್ತಿದ್ದರು. ಸೌದಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ಹಾಗಾಗಿ ನಮ್ಮ ರಾತ್ರಿ ಹನ್ನೊಂದಕ್ಕೆ ಅವನ ಎಂಟೂವರೆ. ಹದಿನೆಂಟು ವರ್ಷದ ನಂತರ ಮತ್ತೆ ದಿನಾ ಮಾತಾಡುವ ಹಾಗಾದದ್ದು ಆ ಗೇಮಿನಿಂದ. ಅದರಲ್ಲಿ ನಾನು ಆಡುತ್ತಿದ್ದದ್ದು ಕಡಿಮೆ, ಸಾಯುತ್ತಿದ್ದದ್ದು ಹೆಚ್ಚು.

ಗೇಮುಗಳ ವಿಮರ್ಶೆ ಓದಿದರೆ ಗ್ರಾಫಿಕ್ಸ್ ಹೇಗಿದೆ, ಕಥೆ ಹೇಗಿದೆ, ಎಷ್ಟು ಗಂಟೆ ಆಡಬಹುದು ಅಂತೆಲ್ಲ ಇರ್ತದೆ. ಬರೆಯುವವರು ಸಾಮಾನ್ಯವಾಗಿ ಚೆನ್ನಾಗಿ ಆಡುವವರು. ನನ್ನಂಥವರಿಗೆ ಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಆಡಲು ಬಾರದವನು ಬಿದ್ದಾಗ ಈ ಗೇಮ್ ಏನು ಮಾಡ್ತದೆ?

ನನಗೆ ಗೊತ್ತಿರುವ ಮೊದಲ ಉತ್ತರ: ನಗ್ತದೆ. ಭಟ್ಕಳದ ಗೆಳೆಯನ ಮನೆಯಲ್ಲಿ ಅವನ ಅಪ್ಪ ಗಲ್ಫಿನಿಂದ ತಂದ ಟೀವಿ ಗೇಮ್ ಇತ್ತು, ಜೊತೆಗೆ ಒಂದು ಪ್ಲಾಸ್ಟಿಕ್ ಬಂದೂಕು. ಕ್ಯಾಸೆಟ್ಟಿನಲ್ಲಿ ನಿಂಟೆಂಡೋದವರು 1984ರಲ್ಲಿ ಮಾಡಿದ ಡಕ್ ಹಂಟ್. ಬಾತುಕೋಳಿ ಹಾರ್ತದೆ, ನೀವು ಹೊಡೀಬೇಕು. ಆ ಬಂದೂಕಿನ ಒಳಗುಟ್ಟು ಆಮೇಲೆ ಗೊತ್ತಾಯಿತು. ಅದು ಏನನ್ನೂ ಹಾರಿಸುವುದಿಲ್ಲ. ಕುದುರೆ ಎಳೆದ ಕ್ಷಣ ಟೀವಿ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಮಾತ್ರ ಒಂದು ಬಿಳಿ ಚೌಕ ಮಿಂಚ್ತದೆ. ಬಂದೂಕಿನ ಮೂತಿಯಲ್ಲಿರುವ ಕಣ್ಣಿಗೆ ಆ ಬಿಳಿ ಕಂಡರೆ ಕೋಳಿ ಸತ್ತಿತು. ನನ್ನ ಬಂದೂಕಿಗೆ ಕಂಡದ್ದೆಲ್ಲ ಬರೀ ಕಪ್ಪು. ಆಗ ಹುಲ್ಲಿನ ಮರೆಯಿಂದ ಒಂದು ನಾಯಿ ಎದ್ದು, ಬಾಯಿಗೆ ಕೈ ಹಿಡಿದು, ನನ್ನನ್ನೇ ನೋಡಿ ನಗ್ತದೆ. ಸಿಟ್ಟು ಬಂದು ನಾಯಿಗೇ ಗುರಿ ಇಟ್ಟೆ. ತಾಗಲಿಲ್ಲ. ನನ್ನ ಗುರಿ ತಪ್ಪಿದ್ದಲ್ಲ, ಮನೆಯಲ್ಲಿ ಆಡುವ ಆ ಗೇಮಿನಲ್ಲಿ ನಾಯಿಗೆ ಗುಂಡು ತಾಗುವುದೇ ಇಲ್ಲ. ಸೋತವನಿಗೆ ತಿರುಗಿ ನಗುವ ಹಕ್ಕು ಕೊಟ್ಟಿಲ್ಲ.

ಈ ನಾಯಿಗೆ ದೊಡ್ಡ ಬಳಗ ಇದೆ. 1992ರ ವೂಲ್ಫೆನ್‌ಸ್ಟೈನ್ 3ಡಿಯಲ್ಲಿ ಎಲ್ಲಕ್ಕಿಂತ ಸುಲಭದ ಹಂತ ಆರಿಸಿದರೆ, ಅದರ ಹೆಸರೇ “ಅಪ್ಪಾ, ನಾನೂ ಆಡ್ಲಾ?” ಅನ್ನೋ ಅರ್ಥದ್ದು. ಪಕ್ಕದಲ್ಲಿ ನಾಯಕನ ಮುಖಕ್ಕೆ ಕೂಸಿನ ಕುಲಾವಿ, ಬಾಯಲ್ಲಿ ನಿಪ್ಪಲ್. 2015ರ ಮೆಟಲ್ ಗಿಯರ್ ಸಾಲಿಡ್ 5ರಲ್ಲಿ ಮತ್ತೆ ಮತ್ತೆ ಸತ್ತರೆ ಗೇಮ್ ನಿಮಗೊಂದು ಕೋಳಿ ಟೋಪಿ ಕೊಡ್ತದೆ. ಅದನ್ನು ಹಾಕಿಕೊಂಡರೆ ಕಾವಲುಗಾರರು ನಿಮ್ಮನ್ನು ಕಂಡರೂ ನಕ್ಕು ಸುಮ್ಮನಾಗ್ತಾರೆ. ಅದು ನಿಜವಾದ ಸಹಾಯವೇ. ಆದರೆ ಸಹಾಯ ಬೇಕಾದರೆ ತಲೆ ಮೇಲೆ ಕೋಳಿ ಹೊತ್ತುಕೊಂಡು ತಿರುಗಬೇಕು. ಆಫೀಸಿನಲ್ಲಿ ಗೊತ್ತಿಲ್ಲದ್ದನ್ನು ಕೇಳಿದವನ ಕಡೆ ತಿರುಗುವ ಮುಖಗಳನ್ನು ನೋಡಿದವರಿಗೆ ಈ ಟೋಪಿಯ ಅಳತೆ ಗೊತ್ತು.

ನಗುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ನಮ್ಮ ಕಡೆ ನಗುವಿಗೆ ಮರ್ಯಾದೆ ಜಾಸ್ತಿ. ಹೊನ್ನಾವರದ ಪಕ್ಕದ ಕರ್ಕಿಯಲ್ಲಿ ಯಕ್ಷಗಾನದ ಒಂದು ಮನೆತನದ ಅಡ್ಡಹೆಸರೇ ಹಾಸ್ಯಗಾರ. ಹಾಸ್ಯಗಾರ ರಂಗದ ಮೇಲೆ ಎಡವ್ತಾನೆ, ಮಾತು ತಪ್ಪಿಸ್ತಾನೆ, ರಾಜನ ಅಪ್ಪಣೆಯನ್ನು ಉಲ್ಟಾ ಕೇಳಿಸಿಕೊಳ್ತಾನೆ. ಸಭೆ ಬಿದ್ದು ಬಿದ್ದು ನಗ್ತದೆ. ಆದರೆ ಎಡವಿದ ಮೇಲೆ ಅವನನ್ನು ರಂಗದಿಂದ ಹೊರಗೆ ಹಾಕುವುದಿಲ್ಲ. ಅವನು ಎಡವಿದರೇ ಕಥೆ ಮುಂದೆ ಹೋಗುವುದು.

ಗೇಮುಗಳಲ್ಲಿ ಈ ಗುಟ್ಟು ಗೊತ್ತಿದ್ದದ್ದು ರೋಡ್ ರ‍್ಯಾಶ್‌ಗೆ. 1991ರಲ್ಲಿ ಶುರುವಾದ ಬೈಕ್ ರೇಸು. ನಮ್ಮ ವಯಸ್ಸಿನವರು ಕಂಪ್ಯೂಟರಿನಲ್ಲಿ ಅದನ್ನು ಆಡದೇ ಇರುವ ಸಾಧ್ಯತೆ ಕಡಿಮೆ. ಕುಮಟೆಯವನ ಅಣ್ಣನ ಕಂಪ್ಯೂಟರಿನಲ್ಲಿ ನಾವು ಸರದಿ ಹಚ್ಚಿ ಆಡ್ತಿದ್ದೆವು. ಅವರಿಬ್ಬರು ಪಕ್ಕದವರಿಗೆ ಒದ್ದು, ಸರಪಳಿ ಕಿತ್ತುಕೊಂಡು ಮುಂದೆ ಹೋಗ್ತಿದ್ದರೆ, ನಾನು ಎದುರಿಗೆ ಬಂದ ಕಾರಿಗೆ ಸೀದಾ ಹೋಗಿ ಗುದ್ದುತ್ತಿದ್ದೆ. ಬೈಕು ಒಂದು ಕಡೆ, ನಾನೊಂದು ಕಡೆ. ಅಲ್ಲಿಂದ ಆ ಗೇಮಿನ ಚಂದ ಶುರು. ಸವಾರ ಎದ್ದು ನಿಂತು, ದೂರ ಬಿದ್ದ ಬೈಕಿನ ಕಡೆ ಓಡ್ತಾನೆ. ಓಡುವಾಗ ಇನ್ನೊಂದು ಗಾಡಿ ಬಂದು ಮತ್ತೆ ಎತ್ತಿ ಒಗೀತದೆ. ಮತ್ತೆ ಏಳ್ತಾನೆ. ಅಷ್ಟರಲ್ಲಿ ಪೊಲೀಸ್ ಬಂದರೆ ಅರೆಸ್ಟು, ಅದಕ್ಕೂ ಒಂದು ತಮಾಷೆಯ ವಿಡಿಯೋ. ನಾನು ಆಡುವಾಗಲೇ ಉಳಿದವರು ಕುರ್ಚಿ ಹತ್ತಿರ ಎಳೀತಿದ್ದರು. ಗೆಲ್ಲುವವನ ರೇಸಿನಲ್ಲಿ ನೋಡುವುದು ಎಂತದಿದೆ, ಬರೀ ರಸ್ತೆ. ಸೋಲುವವನಿಗಾಗಿಯೇ ಕೂತು ಚಿತ್ರ ಬರೆದಿದ್ದ ಗೇಮ್ ಅದು.

ಹಾಗಂತ ಕಷ್ಟದ ಗೇಮೆಲ್ಲ ಕ್ರೂರ, ಸುಲಭದ್ದೆಲ್ಲ ದಯಾಳು ಅಂತಲೂ ಅಲ್ಲ. 2011ರ ಡಾರ್ಕ್ ಸೋಲ್ಸ್ ಜನರನ್ನು ಸಾಯಿಸುವುದಕ್ಕೇ ಹೆಸರುವಾಸಿ. ಆದರೆ ಅದರ ನೆಲದ ಮೇಲೆ ಅಲ್ಲಲ್ಲಿ ರಕ್ತದ ಕಲೆಗಳಿರ್ತವೆ. ಮುಟ್ಟಿದರೆ, ಜಗತ್ತಿನ ಎಲ್ಲೋ ಒಬ್ಬ ಆಟಗಾರನ ಕೊನೆಯ ಕೆಲವು ಕ್ಷಣ ಕೆಂಪು ನೆರಳಾಗಿ ಕಾಣ್ತದೆ. ಅವನೂ ಇಲ್ಲೇ, ಇದೇ ಮೂಲೆಯಲ್ಲಿ, ಹಿಂದೆ ನೋಡದೆ ಹೆಜ್ಜೆ ಇಟ್ಟು ಪ್ರಪಾತಕ್ಕೆ ಬಿದ್ದಿದ್ದಾನೆ. ನಗು ಬರ್ತದೆ, ಜೊತೆಗೆ ಸಮಾಧಾನ ಕೂಡ. ದಡ್ಡತನದಲ್ಲಿ ನಾನು ಒಂಟಿ ಅಲ್ಲ ಅಂತ. 2018ರ ಸೆಲೆಸ್ಟ್ ಇನ್ನೂ ನೇರ. ಬೆಟ್ಟ ಹತ್ತುವ, ಬೆರಳು ನೋಯಿಸುವ ಗೇಮ್. ಅಸಿಸ್ಟ್ ಮೋಡ್ ಅಂತ ಒಂದಿದೆ. ಅಲ್ಲಿ ಗೇಮಿನ ವೇಗ ಇಳಿಸಬಹುದು, ಸಾಯದ ಹಾಗೆ ಮಾಡಿಕೊಳ್ಳಬಹುದು. ಕುಲಾವಿ ಇಲ್ಲ, ಕೋಳಿ ಇಲ್ಲ. ಎಷ್ಟು ಸಹಾಯ ಬೇಕು ಅಂತ ನಿಮ್ಮನ್ನೇ ಕೇಳ್ತದೆ, ಕೊಡ್ತದೆ.

ಪಬ್‌ಜಿ ಹಾಗೆ ಕೇಳುವುದಿಲ್ಲ. ಅದು ಗುಟ್ಟಾಗಿ ಸಹಾಯ ಮಾಡ್ತದೆ. ಶುರುವಿನ ಪಂದ್ಯಗಳಲ್ಲಿ ಎದುರಿಗೆ ಬರುವವರಲ್ಲಿ ಬಹಳ ಜನ ಮನುಷ್ಯರೇ ಅಲ್ಲ, ಬಾಟ್‌ಗಳು. ಬಯಲಿನ ನಡುವೆ ನಿಂತು, ನಿಮ್ಮ ಕಡೆ ಅಂದಾಜಿಗೆ ನಾಲ್ಕು ಗುಂಡು ಬಿಟ್ಟು, ನೀವು ಹೊಡೆಯುವ ತನಕ ಕಾಯ್ತವೆ. ನನಗೆ ಇದು ಗೊತ್ತಿರಲಿಲ್ಲ. ಎರಡನೇ ವಾರ ಒಬ್ಬನೇ ಆಡಿ ಚಿಕನ್ ಡಿನ್ನರ್ ಗೆದ್ದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ, ಸ್ಟೇಟಸ್ಸಿಗೂ ಹಾಕಿದೆ. ಹೆಂಡತಿಗೆ, ಅಮ್ಮನಿಗೆ, ಊಟದ ಹೊತ್ತಿಗೆ ಕೊನೆಯ ಶತ್ರುವನ್ನು ಹೇಗೆ ಹೊಡೆದೆ ಅಂತ ಸೌಟು ಹಿಡಿದು ತೋರಿಸಿದೆ. ರಾತ್ರಿ ಕುಮಟೆಯವ ಮೆಲ್ಲಗೆ ಕೇಳಿದ: “ನೀ ಹೊಡೆದವರ ಹೆಸರು ನೋಡಿದ್ಯಾ? ಅವರು ಓಡೂದು ನೋಡಿದ್ಯಾ? ಅವೆಲ್ಲ ಬಾಟ್ ಮಾರಾಯಾ.”

ಉತ್ತರನ ಪೌರುಷ ಒಲೆ ಮುಂದೆ ಅನ್ನೋ ಗಾದೆಯನ್ನು ಅಷ್ಟು ಅಕ್ಷರಶಃ ಯಾರೂ ಬದುಕಿರಲಿಕ್ಕಿಲ್ಲ. ಒಲೆ ಕೂಡ ಇತ್ತು, ಸೌಟು ಕೂಡ.

ಡಕ್ ಹಂಟಿನ ನಾಯಿಗಿಂತ ಈ ಬಾಟ್‌ಗಳ ಮೇಲೆ ನನಗೆ ಸಿಟ್ಟು ಹೆಚ್ಚು. ನಾಯಿ ಎದುರಿಗೆ ನಕ್ಕಿತು. ಇವು ನನ್ನನ್ನು ಹೊಗಳಿ, ನಗುವ ಕೆಲಸವನ್ನು ಗೆಳೆಯರಿಗೆ ಬಿಟ್ಟವು. ಗೊತ್ತಿಲ್ಲದ ಹಾಗೆ ಗೆಲ್ಲಿಸುವುದು ದಯೆಯಲ್ಲ, ಗಿರಾಕಿ ಕೈತಪ್ಪದ ಹಾಗೆ ನೋಡಿಕೊಳ್ಳುವ ವ್ಯಾಪಾರ. ಮೇಲಾಗಿ ಅಲ್ಲಿ ಟಿಯರ್ ಅಂತ ಒಂದು ಏಣಿ ಇದೆ. ಸೀಸನ್ ಮುಗಿಯುವುದರೊಳಗೆ ಎಷ್ಟು ಮೆಟ್ಟಿಲು ಹತ್ತಿದೆ ಅನ್ನೋದೇ ಎಲ್ಲರ ಚಿಂತೆ. ನಾಲ್ವರ ತಂಡದಲ್ಲಿ ಒಬ್ಬ ಬೇಗ ಸತ್ತರೆ ಉಳಿದವರಿಗೂ ಕಷ್ಟ. ಹಾಗಾಗಿ ನನ್ನ ಬೀಳುವಿಕೆ ತಮಾಷೆಯಾಗಿ ಉಳಿಯಲಿಲ್ಲ, ಅವರಿಬ್ಬರ ಲೆಕ್ಕದಲ್ಲಿ ನಷ್ಟವಾಯಿತು. ಒಂದು ರಾತ್ರಿ ಗ್ರೆನೇಡಿನ ಪಿನ್ ಕಿತ್ತು, ಯಾವಾಗ ಎಸೀಬೇಕು ಅಂತ ಕೇಳ್ತಾ ಕೈಯಲ್ಲೇ ಹಿಡಕೊಂಡು ನಿಂತೆ. ನಾನೂ ಹೋದೆ, ಪಕ್ಕದಲ್ಲಿದ್ದ ಕುಮಟೆಯವನೂ ಹೋದ. ನಾನು ನಕ್ಕೆ. ಆ ಕಡೆ ಯಾರೂ ನಗಲಿಲ್ಲ.

ಮಾರನೇ ದಿನ ರಾತ್ರಿ ಗೇಮ್ ತೆರೆದರೆ ಅವರಿಬ್ಬರ ಹೆಸರಿನ ಮುಂದೆ ‘ಪಂದ್ಯದಲ್ಲಿದ್ದಾರೆ’ ಅಂತಿತ್ತು. ಆಮೇಲಿನ ದಿನವೂ. ಯಾರೂ ಬೇಡ ಅನ್ನಲಿಲ್ಲ, ಕರೆಯಲೂ ಇಲ್ಲ. ಮೂವತ್ತಾರು ವರ್ಷದ ಗಂಡಸು ಇಂಥದ್ದಕ್ಕೆ ಬೇಜಾರು ಮಾಡಿಕೊಂಡೆ ಅಂತ ಯಾರ ಹತ್ತಿರ ಹೇಳುವುದು? ಹೊರಗೆ ಜುಲೈ ತಿಂಗಳ ಮಳೆ. ಒಳಗೆ ನಾನು, ಮೊಬೈಲು, ಬಾಟ್‌ಗಳು.

ಉತ್ತರಕುಮಾರನ ಕಥೆಯನ್ನು ನಾವು ಗಾದೆಯಲ್ಲೇ ನಿಲ್ಲಿಸಿಬಿಡ್ತೇವೆ. ವಿರಾಟಪರ್ವದಲ್ಲಿ ಅದು ಅಲ್ಲಿಗೆ ನಿಲ್ಲುವುದಿಲ್ಲ. ಹೆಂಗಸರ ಮುಂದೆ ಕೊಚ್ಚಿಕೊಂಡದ್ದು ಹೌದು, ಕೌರವ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡಿದ್ದೂ ಹೌದು. ಯಕ್ಷಗಾನದಲ್ಲಿ ಆ ಓಟಕ್ಕೆ ಸಭೆ ನಗ್ತದೆ. ಆದರೆ ಬೃಹನ್ನಳೆಯ ವೇಷದ ಅರ್ಜುನ ಅವನ ಹಿಂದೆ ಓಡಿ, ಹಿಡಿದು ತಂದು, ಏನು ಮಾಡ್ತಾನೆ? ಮನೆಗೆ ಕಳಿಸುವುದಿಲ್ಲ. ಶಮೀವೃಕ್ಷ ಹತ್ತಿಸಿ ಆಯುಧ ಇಳಿಸಿಕೊಳ್ತಾನೆ, ಕೈಗೆ ಲಗಾಮು ಕೊಡ್ತಾನೆ: ನೀನು ರಥ ನಡೆಸು, ಹೋರಾಟ ನನಗಿರಲಿ. ಅದೇ ಹುಡುಗ ಇಡೀ ಯುದ್ಧ ರಥ ಓಡಿಸ್ತಾನೆ. ವಾಪಸು ಬಂದಾಗ ಅಪ್ಪ ಹೊಗಳಿದರೆ, ಗೆದ್ದವನು ನಾನಲ್ಲ ಅಂತ ಹೇಳುವಷ್ಟು ದೊಡ್ಡವನಾಗಿರ್ತಾನೆ. ಸ್ಕ್ರೀನ್‌ಶಾಟ್ ಹಾಕಿದ ನನಗಿಂತ ಎಷ್ಟೋ ಮೇಲು.

ಆಗಸ್ಟಿನಲ್ಲಿ ಭಟ್ಕಳದವ ಮೆಸೇಜು ಮಾಡಿದ: “ಬಾ, ಜೀಪು ಓಡಿಸೂಕೆ ಜನ ಬೇಕು.” ಆ ಗೇಮಿನಲ್ಲಿ ಗಾಡಿ ಓಡಿಸುವವನು ಗುಂಡು ಹೊಡೆಯುವ ಹಾಗಿಲ್ಲ, ಕೂತವರು ಕಿಟಕಿಯಿಂದ ಹೊಡೀಬಹುದು. ನನಗೆ ಹೇಳಿ ಮಾಡಿಸಿದ ಹುದ್ದೆ. ಮೊದಲ ದಿನ ಗುಡ್ಡದಿಂದ ಜೀಪು ಪಲ್ಟಿ ಮಾಡಿದೆ. ಎರಡನೇ ದಿನ ಬ್ರೇಕಿನ ಬದಲು ಇಳಿಯುವ ಬಟನ್ ಒತ್ತಿ, ಓಡುವ ಜೀಪಿನಿಂದ ನಾನೊಬ್ಬನೇ ಹೊರಗೆ ಬಿದ್ದೆ. ಜೀಪು ಅವರಿಬ್ಬರನ್ನು ಕೂರಿಸಿಕೊಂಡು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹೋಯಿತು. ಅವತ್ತು ಮೂವರೂ ನಕ್ಕೆವು, ರೋಡ್ ರ‍್ಯಾಶ್ ದಿನಗಳ ಹಾಗೆ. ವಾರದೊಳಗೆ ಎಲ್ಲಿ ತಿರುಗಿಸಬೇಕು, ಎಲ್ಲಿ ಮನೆ ಮರೆಗೆ ನಿಲ್ಲಿಸಬೇಕು ಅಂತ ಕೈಗೆ ಬಂತು. ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ನಿಷೇಧಿಸಿತು. 2021ರ ಜುಲೈಯಲ್ಲಿ ಬಿಜಿಎಂಐ ಅಂತ ಹೊಸ ಹೆಸರಿನಲ್ಲಿ ವಾಪಸು ಬಂತು, ಆದರೆ ಅದು ಭಾರತದವರಿಗೆ ಮಾತ್ರ. ಜೆಡ್ಡಾದವನಿಗೆ ಸೀಟಿಲ್ಲ. ನಾನೂ ಬಿಟ್ಟೆ.

ಲಗಾಮು ಕೈಗೆ ಕೊಟ್ಟದ್ದು ಗೆಳೆಯ, ಗೇಮಲ್ಲ. ಅದಕ್ಕೇ ಪಬ್‌ಜಿಗೆ ನಾನು ಹೆಚ್ಚು ಅಂಕ ಕೊಡಲಾರೆ. ಆ ಕೆಲಸವನ್ನು ಗೇಮೇ ಮಾಡಬಹುದು ಅಂತ ಗೊತ್ತಾದದ್ದು ಇಟ್ ಟೇಕ್ಸ್ ಟೂ ಆಡಿದಾಗ. 2021ರ ಗೇಮ್, ಆ ವರ್ಷದ ಗೇಮ್ ಅವಾರ್ಡ್ಸಿನಲ್ಲಿ ವರ್ಷದ ಶ್ರೇಷ್ಠ ಗೇಮ್ ಅನ್ನಿಸಿಕೊಂಡಿತು. ಒಬ್ಬರೇ ಆಡಲಿಕ್ಕೆ ಬರುವುದೇ ಇಲ್ಲ, ಇಬ್ಬರು ಬೇಕೇ ಬೇಕು. ಒಬ್ಬರು ಕೊಂಡರೆ ಸಾಕು, ಇನ್ನೊಬ್ಬರಿಗೆ ಫ್ರೆಂಡ್ಸ್ ಪಾಸ್ ಇದೆ. ಇಬ್ಬರಿಗೂ ಬೇರೆ ಬೇರೆ ಕೆಲಸ. ಒಂದು ಕಡೆ ಒಬ್ಬ ಗೋಡೆಗೆ ಮೊಳೆ ಎಸೆದರೆ, ಇನ್ನೊಬ್ಬಳು ಆ ಮೊಳೆಗೆ ಸುತ್ತಿಗೆ ಸಿಕ್ಕಿಸಿ ಜೋತುಬಿದ್ದು ದಾಟ್ತಾಳೆ. ಬಿದ್ದರೆ ಅಲ್ಲೇ ಪಕ್ಕದಲ್ಲಿ ಮತ್ತೆ ಎದ್ದು ಬರ್ತೀರಿ. ಏಣಿ ಇಲ್ಲ, ಸೀಸನ್ ಇಲ್ಲ. ಒಬ್ಬ ಎಷ್ಟೇ ಜಾಣನಾದರೂ ಇನ್ನೊಬ್ಬನನ್ನು ಬಿಟ್ಟು ಮುಂದೆ ಹೋಗುವ ದಾರಿಯೇ ಇಲ್ಲ.

ಕಳೆದ ಸಲ ಭಟ್ಕಳದವ ರಜೆಯಲ್ಲಿ ಬಂದಾಗ ಅವನ ಮನೆಯಲ್ಲಿ ಆಡಿದೆವು. ಸುತ್ತಿಗೆ ನನ್ನ ಕೈಗೆ ಬಂತು. ಕುಮಟೆಯವ ನೋಡಲಿಕ್ಕೆ ಕುರ್ಚಿ ಹತ್ತಿರ ಎಳೆದುಕೊಂಡ. ಒಂದೇ ಜಾಗದಲ್ಲಿ ಹನ್ನೊಂದು ಸಲ ಬಿದ್ದೆ. ಹನ್ನೆರಡನೇ ಸಲ ಮೊಳೆ ಎಸೆಯುವ ಮೊದಲು ಭಟ್ಕಳದವ ಕೇಳಿದ: “ಸ್ವಲ್ಪ ಕೆಳಗೆ ಹೊಡೀಲಾ?”

“ಹೊಡಿ” ಅಂದೆ.