ಪಾಸಾದವರ ಲೆಕ್ಕ, ಕಲಿತವರ ಲೆಕ್ಕ

ಡಲ್ಲಾಸ್‌ನಲ್ಲಿರೋ ಅಕ್ಕ ಮೊನ್ನೆ ರಾತ್ರಿ ಒಂದು ಪಟ್ಟಿ ಕಳಿಸಿದಳು. ಅಮೆರಿಕದ ಐವತ್ತು ರಾಜ್ಯಗಳು, ಪ್ರತಿಯೊಂದರ ಮುಂದೆ ಹೈಸ್ಕೂಲ್ ಮುಗಿಸಿದ ಮಕ್ಕಳ ಶೇಕಡಾವಾರು. ಭಾವನಿಗೆ ಅಲಬಾಮಾದಲ್ಲಿ ಕೆಲಸ ಸಿಕ್ಕಿದೆ, ಮಗಳು ಬರೋ ವರ್ಷ ಒಂಬತ್ತನೇ ಕ್ಲಾಸು. "ನೀನು ಡೇಟಾ ಕೆಲಸ ಮಾಡ್ತೀಯಲ್ಲೋ, ನೋಡಿ ಹೇಳು. ಟೆಕ್ಸಾಸ್‌ಗೂ ಅಲಬಾಮಾಗೂ ನಂಬರ್ ಹತ್ತತ್ರ ಒಂದೇ ಇದೆ. ಧೈರ್ಯವಾಗಿ ಹೋಗಬಹುದಾ?"

ಆಫೀಸಿನಲ್ಲಿ ನಾನು ದಿನಾ ನೋಡೋದು ಇಂಥ ಅಂಕಿಗಳನ್ನೇ. ಒಂದು ನಂಬರಿಗೆ ಟಾರ್ಗೆಟ್ ಕಟ್ಟಿದರೆ ಅದು ಹೇಗಾದರೂ ಮೇಲೇರುತ್ತೆ. ಕೆಲಸ ಸುಧಾರಿಸಿತಾ ಅನ್ನೋದು ಬೇರೆ ಪ್ರಶ್ನೆ. ಅಕ್ಕನ ಪಟ್ಟಿಯನ್ನೂ ಅದೇ ಅನುಮಾನದಿಂದ ಓದಿದೆ.

ಮೊದಲು ಒಳ್ಳೆಯದನ್ನು ಹೇಳಿಬಿಡ್ತೀನಿ. ಹಿಂದೆ ಅಲ್ಲಿ ಒಂದೊಂದು ರಾಜ್ಯ ಒಂದೊಂದು ಥರ ಲೆಕ್ಕ ಹಾಕುತ್ತಿತ್ತು. 2008ರಲ್ಲಿ ಕೇಂದ್ರ ಸರ್ಕಾರ ಒಂದೇ ಸೂತ್ರ ತಂದಿತು. ಒಂಬತ್ತನೇ ಕ್ಲಾಸಿಗೆ ಸೇರಿದವರನ್ನು ಎಣಿಸು, ನಡುವೆ ಬಂದವರನ್ನು ಕೂಡಿಸು, ಬೇರೆ ಕಡೆ ಸೇರಿಕೊಂಡವರನ್ನು ಕಳೆ, ಉಳಿದವರಲ್ಲಿ ನಾಲ್ಕು ವರ್ಷಕ್ಕೆ ಡಿಪ್ಲೊಮಾ ಪಡೆದವರು ಎಷ್ಟು ಅಂತ ನೋಡು. 2010-11ರಲ್ಲಿ ಶೇ. 79 ಇದ್ದ ದೇಶದ ಸರಾಸರಿ 2018-19ಕ್ಕೆ ಶೇ. 86 ಆಯಿತು. ಕಪ್ಪು ವರ್ಣೀಯ ಮಕ್ಕಳದ್ದು 67ರಿಂದ 80ಕ್ಕೆ ಏರಿತು. ಇದೆಲ್ಲ ಬರೀ ಓಳು ಅಂದರೆ ಆ ಮಕ್ಕಳಿಗೂ ಅವರ ಮೇಷ್ಟ್ರುಗಳಿಗೂ ಅನ್ಯಾಯ.

ಆದರೆ ಸೂತ್ರ ಒಂದೇ ಆದರೂ ಡಿಪ್ಲೊಮಾ ಒಂದೇ ಆಗಲಿಲ್ಲ. ಏನು ಕಲಿತರೆ ಪಾಸು, ಕೊನೆಗೊಂದು ಪರೀಕ್ಷೆ ಇರಬೇಕಾ ಅನ್ನೋದು ರಾಜ್ಯದ ಇಷ್ಟ. ಡಿಪ್ಲೊಮಾಗೆ ರಾಜ್ಯ ಪರೀಕ್ಷೆ ಪಾಸಾಗಲೇಬೇಕು ಅನ್ನೋ ನಿಯಮವನ್ನು ಮ್ಯಾಸಚೂಸೆಟ್ಸ್‌ನ ಮತದಾರರು 2024ರ ನವೆಂಬರ್‌ನಲ್ಲಿ ತೆಗೆದೇಹಾಕಿದರು. ಅದು ಸರಿಯೋ ತಪ್ಪೋ, ಅದರ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಪಕ್ಕಪಕ್ಕ ಇಡೋ ಹಾಗಂತೂ ಇಲ್ಲ.

ಇನ್ನು ಅಲಬಾಮಾ. 2011ರಲ್ಲಿ ಶೇ. 72 ಇದ್ದದ್ದು ನಾಲ್ಕೇ ವರ್ಷದಲ್ಲಿ 89! 2016ರ ಡಿಸೆಂಬರ್‌ನಲ್ಲಿ ರಾಜ್ಯದ ಶಿಕ್ಷಣ ಇಲಾಖೆಯೇ ಅಂಕಿ ಉಬ್ಬಿತ್ತು ಅಂತ ಒಪ್ಪಿಕೊಂಡಿತು. ಲೆಕ್ಕಕ್ಕೆ ಬರಬಾರದ ಡಿಪ್ಲೊಮಾಗಳನ್ನೂ ಎಣಿಸಿದ್ದರು. ವಾಷಿಂಗ್ಟನ್ ಡಿ.ಸಿ.ಯಲ್ಲಿ 2017ರಲ್ಲಿ ಹೈಸ್ಕೂಲ್ ಮುಗಿಸಿದವರ ಪೈಕಿ ಸುಮಾರು ಮೂರನೇ ಒಂದು ಭಾಗ ಹಾಜರಾತಿ ಅಥವಾ ಕ್ರೆಡಿಟ್ ನಿಯಮ ಮೀರಿ ಪಾಸಾದವರು ಅಂತ ಮರುವರ್ಷದ ತನಿಖೆ ಹೇಳಿತು.

ಹಾಗಾದರೆ ಕಲಿತದ್ದೆಷ್ಟು? 'ನೇಪ್' ಅನ್ನೋ ರಾಷ್ಟ್ರೀಯ ಪರೀಕ್ಷೆಯನ್ನು ಸ್ಯಾಂಪಲ್ ಮೇಲೆ ನಡೆಸುತ್ತಾರೆ. ಅದರಿಂದ ಯಾವ ಶಾಲೆಗೂ ಲಾಭ ನಷ್ಟ ಇಲ್ಲ, ಹಾಗಾಗಿ ಅಂಕ ತಿದ್ದೋ ಆಸೆಯೂ ಇಲ್ಲ. 2024ರಲ್ಲಿ 12ನೇ ಕ್ಲಾಸಿನ ಶೇ. 45 ಮಕ್ಕಳು ಗಣಿತದಲ್ಲಿ ಅದರ ಮೂಲ ಮಟ್ಟವನ್ನೂ ಮುಟ್ಟಲಿಲ್ಲ. ಆದರೆ ನೇಪ್‌ನ ರಾಜ್ಯವಾರು ಫಲಿತಾಂಶ ನಿಯಮಿತವಾಗಿ ಬರೋದು 4 ಮತ್ತು 8ನೇ ಕ್ಲಾಸಿಗೆ ಮಾತ್ರ. ಎಸ್‌ಎಟಿ, ಎಸಿಟಿ ನೋಡೋಣ ಅಂದರೆ, ಕೆಲವು ರಾಜ್ಯಗಳಲ್ಲಿ ಎಲ್ಲರೂ ಬರೀತಾರೆ, ಕೆಲವೆಡೆ ಕಾಲೇಜಿಗೆ ಹೋಗೋರು ಮಾತ್ರ. ಅಂದರೆ ಅಕ್ಕನಿಗೆ ಬೇಕಾದ ಹೋಲಿಕೆಗೆ ಅಳತೆಗೋಲೇ ಇಲ್ಲ.

ಇದು ನಮಗೇನು ಹೊಸದಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಗ್ರೇಸ್ ಅಂಕ ದುಪ್ಪಟ್ಟು ಮಾಡಿದ ಮೇಲೂ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ?

ಅಕ್ಕನಿಗೆ ಹೇಳಿದೆ: "ಆ ಪಟ್ಟಿ ಬಿಡು. ಹೋಗೋ ಊರಿನ ಶಾಲೆಗೆ ಫೋನ್ ಮಾಡು. ಮಕ್ಕಳು ದಿನಾ ಬರ್ತಾರಾ, ಅಲ್ಲಿ ಮುಗಿಸಿ ಕಾಲೇಜಿಗೆ ಹೋದವರಲ್ಲಿ ಎಷ್ಟು ಜನ ಹೈಸ್ಕೂಲ್ ಗಣಿತವನ್ನೇ ಮತ್ತೆ ಕಲಿಬೇಕಾಯ್ತು, ಕೇಳು."

"ನಮ್ಮ ಹುಡುಗಿ ಎಲ್ಲಿ ಹಾಕಿದರೂ ಪಾಸಾಗ್ತಾಳೆ ಬಿಡೋ" ಅಂದಳು.

ನಿಜ. ಅವಳಿಗೆ ಸಂಜೆ ಗಣಿತ ಹೇಳಿಕೊಡೋಕೆ ಮನೆಯಲ್ಲಿ ಇಬ್ಬರು ಎಂಜಿನಿಯರ್‌ಗಳಿದ್ದಾರೆ. ಪಕ್ಕದ ಬೆಂಚಿನ ಹುಡುಗನಿಗೆ ಯಾರೂ ಇರಲಿಕ್ಕಿಲ್ಲ. ಅವನೂ ಅದೇ ಡಿಪ್ಲೊಮಾ ಹಿಡಿದು ಕಾಲೇಜಿಗೆ ಹೋಗ್ತಾನೆ, ತನಗೆ ಏನೂ ಬರಲ್ಲ ಅಂತ ಅಲ್ಲಿ ಗೊತ್ತಾಗುತ್ತೆ, ಸಾಲ ಮಾಡಿ ಫೀಸು ಕಟ್ಟಿದ ಮೇಲೆ. ರಾಜ್ಯದ ಪಟ್ಟಿಯಲ್ಲಿ ಮಾತ್ರ ಅವನು ಪಾಸು.